ಹನ್ನೆರಡನೇ ಆಟಗಾರನ ವಿನಿಮಯ ಪ್ರಕರಣ

ಹಾಕಿ ತಂಡವೆಂದರೆ ಮೈದಾನಕ್ಕಿಳಿಯುವ ಹನ್ನೊಂದು ಜನ ಎಂಬ ತಪ್ಪು ಕಲ್ಪನೆ ಸಾರ್ವಜನಿಕರಲ್ಲಿ ಇನ್ನೂ ಉಳಿದುಕೊಂಡಿದೆ. ನಮ್ಮ ತಂಡದ ಮಟ್ಟಿಗೆ ಈ ಕಲ್ಪನೆ ಕಳೆದ ಋತುವಿನ ಹತ್ತನೇ ಪಂದ್ಯದಂದು ರದ್ದಾಯಿತು. ಆ ದಿನದಿಂದ ಪೂರ್ವ ಗ್ಯಾಲರಿಯಲ್ಲಿ ಕೂತು ಕೂಗುವ ಎಂಟುನೂರ ನಲವತ್ತು ಜನರೂ ಅಧಿಕೃತವಾಗಿ ಆಟಗಾರರೇ. ಈ ಸುಧಾರಣೆಯನ್ನು ತಂದವನು ನಾನು. ಇದರ ಮೊದಲ ಫಲಾನುಭವಿಯೂ ನಾನೇ ಆದ್ದರಿಂದ ಪ್ರಕರಣವನ್ನು ದಾಖಲಿಸುವ ಹೊಣೆ ನನ್ನ ತಲೆಗೇ ಬಂದಿದೆ.

ವೃತ್ತಿಯಿಂದ ನಾನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ನನ್ನ ಕೋಣೆಯಲ್ಲಿ ಕೂತು ಮೇಣ ಕರಗಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತೇನೆ. ಹಾಕಿ ಸ್ಟಿಕ್ಕನ್ನು ಜೀವಮಾನದಲ್ಲಿ ಎರಡು ಸಲ ಹಿಡಿದಿದ್ದೇನೆ. ಎರಡನೇ ಸಲ ಹಿಡಿದದ್ದು ಅಟ್ಟದ ಮೇಲಿನ ಸೂಟ್‌ಕೇಸು ಕೆಳಗೆಳೆಯಲಿಕ್ಕೆ. ಆದರೆ ನಮ್ಮ ತಂಡದ ಮೂವರು ಆಟಗಾರರ ಮುಂದಿನ ಹಲ್ಲುಗಳು ನನ್ನ ಕೈಕೆಲಸವಾದ್ದರಿಂದ, ಆಟದ ಒಳಗುಟ್ಟೆಲ್ಲ ನನಗೆ ಗೊತ್ತು ಎಂದು ಅಭಿಮಾನಿಗಳ ಸಂಘ ನಂಬಿತ್ತು. ಇನ್ನೊಬ್ಬರ ನಂಬಿಕೆಗೆ ಕಲ್ಲು ಹಾಕುವುದು ನನ್ನ ಜಾಯಮಾನವಲ್ಲ. ನಾನು ಕಾರ್ಯದರ್ಶಿಯಾದೆ.

ಸಂಘದ ಅಧ್ಯಕ್ಷರು ನನ್ನ ಅಕ್ಕನ ಗಂಡ. ಭಾವನದು ಕ್ಷೌರದಂಗಡಿ, ಮೂರು ಕುರ್ಚಿಯದು. ಭಾನುವಾರ ಪಂದ್ಯ ಮುಗಿದರೆ ಸೋಮವಾರ ಸಂಜೆ ಅಲ್ಲಿ ಸಭೆ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಗೂ ಮತದಾನದ ಹಕ್ಕಿತ್ತು, ಆದರೆ ಕತ್ತಿ ಕೆನ್ನೆಯ ಮೇಲಿರುವಾಗ ಭಿನ್ನಾಭಿಪ್ರಾಯ ಸೂಚಿಸುವಂತಿರಲಿಲ್ಲ. ಸಭೆಯ ಕಾರ್ಯಸೂಚಿ ಒಂದೇ: ಈ ವಾರ ತಂಡದಿಂದ ಯಾರನ್ನು ತೆಗೆಯಬೇಕು? ನಿರ್ಣಯವಾದ ಮೇಲೆ ನಾನು ತಂಡದ ಆಡಳಿತಕ್ಕೆ ಪತ್ರ ಬರೆಯುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ವಾರವೂ ತಪ್ಪಿಸಿದವನಲ್ಲ. ಮಾದರಿಗೆ ಒಂದು: "ಸದರಿ ಗೋಲ್‌ಕೀಪರರು ಚೆಂಡು ಬಂದಾಗ ಅಲ್ಲಿರುವುದಿಲ್ಲ, ಅವರು ಅಲ್ಲಿದ್ದಾಗ ಚೆಂಡು ಬರುವುದಿಲ್ಲ. ಆದಕಾರಣ ಇವರನ್ನು ಯಾವುದಾದರೂ ತಂಡಕ್ಕೆ ಕೊಟ್ಟು, ಬದಲಿಗೆ ಯಾರು ಸಿಕ್ಕರೂ ತೆಗೆದುಕೊಳ್ಳತಕ್ಕದ್ದು."

ಇಲ್ಲಿ ನನ್ನ ಮಗಳ ವಿಷಯ ಹೇಳಬೇಕು. ಅವಳಿಗೆ ಹದಿನಾಲ್ಕು. ಮನೆಯಲ್ಲಿ ನನ್ನ ಜೊತೆ ಅವಳು ಬಳಸುವ ಪದಗಳು ಮೂರು: ಹೂಂ, ಉಹೂಂ, ಆಮೇಲೆ. ಆದರೆ ಭಾನುವಾರ ಪೂರ್ವ ಗ್ಯಾಲರಿಯ ಹದಿನಾಲ್ಕನೇ ಸಾಲಿನಲ್ಲಿ ನನ್ನ ಪಕ್ಕ ಕೂತಳೋ, ಬಾಯಿಯ ಬೀಗ ಕಳಚಿಕೊಳ್ಳುತ್ತಿತ್ತು. ಯಾವ ಗೆಳತಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಗಣಿತದ ಮೇಷ್ಟರನ್ನು ಕಂಡರೆ ಯಾಕೆ ಲೆಕ್ಕ ಮರೆತುಹೋಗುತ್ತೆ, ದೊಡ್ಡವಳಾದ ಮೇಲೆ ಏನಾಗಬೇಕೆಂದು ಇನ್ನೂ ಗೊತ್ತಿಲ್ಲದಿರುವುದು ತಪ್ಪೇ, ಎಲ್ಲವನ್ನೂ ಕಣ್ಣು ಮೈದಾನದ ಮೇಲಿಟ್ಟುಕೊಂಡೇ ಹೇಳುತ್ತಿದ್ದಳು. ಆ ಎರಡು ಗಂಟೆಗೋಸ್ಕರ ನಾನು ವಾರವಿಡೀ ಮೇಣ ಕರಗಿಸುತ್ತಿದ್ದೆ. ತಂಡ ಗೆದ್ದರೆ ಸಂತೋಷ. ಸೋತರೆ ಜನ ಬೇಗ ಎದ್ದು ಹೋಗುತ್ತಿದ್ದರು, ನಾವಿಬ್ಬರೂ ಇನ್ನಷ್ಟು ಹೊತ್ತು ಕೂರಬಹುದಿತ್ತು, ಹಾಗಾಗಿ ಅದೂ ಒಂದು ರೀತಿ ಸಂತೋಷವೇ. ಕಾರ್ಯದರ್ಶಿಯಾದವನ ಬಾಯಲ್ಲಿ ಇಂಥ ಮಾತು ಶೋಭಿಸುವುದಿಲ್ಲವಾಗಿ ಸಭೆಯಲ್ಲಿ ನಾನಿದನ್ನು ಹೇಳಿರಲಿಲ್ಲ.

ಕಳೆದ ಋತು ಐದು ಸೋಲುಗಳೊಂದಿಗೆ ಶುಭಾರಂಭವಾಯಿತು. ಆಗ ತಂಡಕ್ಕೆ ಹೊಸ ಆಡಳಿತಾಧಿಕಾರಿ ಬಂದರು. ಅದಕ್ಕೆ ಮುಂಚೆ ಅವರು ತರಕಾರಿ ಕೆಡದಂತೆ ಇಡುವ ಶೀತಲ ಗೋದಾಮನ್ನು ನೋಡಿಕೊಳ್ಳುತ್ತಿದ್ದರು. ಸರಕು ಒಳಗೆ ಬಂದಷ್ಟೇ ವೇಗದಲ್ಲಿ ಹೊರಗೆ ಹೋಗಬೇಕು ಎಂಬುದು ಅವರ ಸಿದ್ಧಾಂತ. ಹಿಂದಿನ ಅಧಿಕಾರಿಗಳಲ್ಲಿ ಯಾರೂ ಮಾಡದ ಒಂದು ಕೆಲಸವನ್ನು ಅವರು ಮಾಡಿದರು. ನನ್ನ ಪತ್ರಗಳನ್ನು ಓದಿದರು.

ಓದಿದ್ದಷ್ಟೇ ಅಲ್ಲ, ಜಾರಿಗೆ ತಂದರು. ಗೋಲ್‌ಕೀಪರ್ ಹೋದ. ಎಡಗಡೆಯ ರಕ್ಷಕನನ್ನು ಕೊಟ್ಟು ಬಲಗಡೆಯ ರಕ್ಷಕನನ್ನು ತಂದರು. ಬಲಗಡೆ ಆಗಲೇ ಇಬ್ಬರಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಮೂವರೂ ಒಂದೇ ಮೂಲೆಯಲ್ಲಿ ಒಬ್ಬರ ಕಾಲನ್ನೊಬ್ಬರು ತುಳಿಯುತ್ತಿದ್ದರೆ, ಎಡಗಡೆ ಎದುರಾಳಿಗಳು ವಾಯುವಿಹಾರಕ್ಕೆ ಬಂದವರಂತೆ ಓಡಾಡಿದರು. ನಮ್ಮ ಸೆಂಟರ್ ಫಾರ್ವರ್ಡ್ ಹದಿನೈದು ದಿನದಲ್ಲಿ ಮೂರು ತಂಡ ಸುತ್ತಿ ಮತ್ತೆ ನಮ್ಮಲ್ಲಿಗೇ ಬಂದು ಬಿದ್ದ. ನಾನು ಸೋಮವಾರ ಅವನಿಗೆ ಸ್ವಾಗತಪತ್ರ ಬರೆದು, ಮುಂದಿನ ಸೋಮವಾರ ಅವನನ್ನು ತೆಗೆಯಬೇಕೆಂದು ಪತ್ರ ಬರೆದೆ. ಎರಡಕ್ಕೂ ಸಂಘದ ಮುದ್ರೆ ಇತ್ತು.

ನನ್ನ ಮಾತು ನಡೆಯುತ್ತಿದೆ ಎಂದ ಮೇಲೆ ಕೇಳಬೇಕೇ, ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅದೇ ಬಿಸಿಯಲ್ಲಿ ನನ್ನ ಜೀವನದ ಅತ್ಯುತ್ತಮ ಪತ್ರ ಬರೆದೆ: "ತಂಡದ ಸೋಲುಗೆಲುವಿನಲ್ಲಿ ಪೂರ್ವ ಗ್ಯಾಲರಿಯ ಪಾಲು ಯಾವ ಆಟಗಾರನ ಪಾಲಿಗಿಂತಲೂ ಕಡಿಮೆಯಿಲ್ಲ. ಆದ್ದರಿಂದ ಅಭಿಮಾನಿಗಳನ್ನು ಹನ್ನೆರಡನೇ ಆಟಗಾರರೆಂದು ತಂಡದ ಪಟ್ಟಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಇತರ ಆಟಗಾರರಿಗಿರುವ ಸಕಲ ಹಕ್ಕು ಮತ್ತು ಬಾಧ್ಯತೆಗಳು ನಮಗೂ ಅನ್ವಯಿಸಬೇಕು." ಬಾಧ್ಯತೆಗಳನ್ನು ಯಾರೂ ಕೇಳಿರಲಿಲ್ಲ. ಹಕ್ಕು ಒಂದೇ ಇದ್ದರೆ ವಾಕ್ಯ ಬೋಳಾಗಿ ಕಾಣುತ್ತೆ ಅಂತ ನಾನೇ ಸೇರಿಸಿದ್ದು.

ಮನವಿ ಮೂರೇ ದಿನದಲ್ಲಿ ಮಂಜೂರಾಯಿತು. ಎಲ್ಲರಿಗೂ ಫೋಟೋ ಸಹಿತ ಗುರುತಿನ ಚೀಟಿಯನ್ನೂ ತಂಡದ ಬಣ್ಣದ ಕೆಂಪು ಮಫ್ಲರನ್ನೂ ಕೊಟ್ಟರು. ಭಾವ ಚೀಟಿಯನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿಕೊಂಡರು. ಹದಿನೆಂಟು ತುಂಬದವರಿಗೆ ಕಿರಿಯ ಆಟಗಾರರು ಎಂಬ ಪ್ರತ್ಯೇಕ ವರ್ಗ. ನನ್ನ ಮಗಳು ಅದರಲ್ಲಿ ಸೇರಿದಳು. ಕಿರಿಯರನ್ನು ಬೇರೆ ತಂಡಕ್ಕೆ ಕೊಡುವಂತಿಲ್ಲ ಎಂದು ಅವಳ ಚೀಟಿಯ ಹಿಂಭಾಗದಲ್ಲಿ ಅಚ್ಚಾಗಿತ್ತು. ನನ್ನ ಚೀಟಿಯ ಹಿಂಭಾಗ ಖಾಲಿ ಇತ್ತು. ಖಾಲಿ ಜಾಗ ಕಂಡರೆ ಅನುಮಾನ ಪಡುವ ಬುದ್ಧಿ ನನಗೆ ಆಗಿನ್ನೂ ಬಂದಿರಲಿಲ್ಲ.

ಮೂರು ವಾರದ ಮೇಲೆ, ನಾನೊಂದು ಮೇಲ್ದವಡೆಗೆ ಕೋರೆಹಲ್ಲು ಕೂರಿಸುತ್ತಿದ್ದಾಗ, ತಂಡದ ಕಚೇರಿಯಿಂದ ಲಕೋಟೆ ಬಂತು. ಒಳಗಿದ್ದದ್ದು ಇಷ್ಟು:

"ವಿಷಯ: ಪೂರ್ವ ಗ್ಯಾಲರಿ, ಸಾಲು ಹದಿನಾಲ್ಕು, ಆಸನ ಒಂಬತ್ತರ ಆಟಗಾರರ ವಿನಿಮಯದ ಕುರಿತು. ಮೇಲ್ಕಂಡ ಆಟಗಾರರನ್ನೂ, ಮೈದಾನಕ್ಕೆ ಕೃತಕ ಹುಲ್ಲು ಹಾಸಿದಂದಿನಿಂದ ಕೆಲಸವಿಲ್ಲದೆ ನಿಂತಿರುವ ಕಬ್ಬಿಣದ ರೋಲರ್ ಒಂದನ್ನೂ ಹೊಳೆಯಾಚೆಯ ತಂಡಕ್ಕೆ ಒಪ್ಪಿಸಿ, ಬದಲಿಗೆ ಆ ತಂಡದ ಪ್ರೇಕ್ಷಕ ವಿಭಾಗದಿಂದ ಒಬ್ಬ ಕ್ರೇನ್ ಚಾಲಕರನ್ನೂ, ಮುಂದಿನ ವರ್ಷ ಒಂದನೇ ತರಗತಿಗೆ ಸೇರುವ ಮಕ್ಕಳಲ್ಲಿ ಒಬ್ಬ ಅಭಿಮಾನಿಯನ್ನು ಮೊದಲಾಗಿ ಆರಿಸಿಕೊಳ್ಳುವ ಹಕ್ಕನ್ನೂ ಪಡೆಯಲಾಗಿದೆ. ಆಟಗಾರರು ಶನಿವಾರದೊಳಗೆ ಕೆಂಪು ಮಫ್ಲರನ್ನು ಒಗೆದು ಹಿಂದಿರುಗಿಸತಕ್ಕದ್ದು."

ಎರಡು ಸಲ ಓದಿದೆ. ಕೋರೆಹಲ್ಲು ಓರೆಯಾಗಿ ಕೂತಿತ್ತು. ಅದನ್ನು ಕಿತ್ತು ಸರಿಮಾಡಿ, ಕೈ ತೊಳೆದುಕೊಂಡು ನೇರ ಕಚೇರಿಗೆ ಹೋದೆ.

ಆಡಳಿತಾಧಿಕಾರಿಗಳು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಗೋದಾಮಿನ ಅಭ್ಯಾಸ, ಬಿಸಿಲಲ್ಲೂ ಬಿಟ್ಟಿರಲಿಲ್ಲ.

"ಸಾರ್, ಇದರಲ್ಲಿ ಏನೋ ತಪ್ಪಾಗಿದೆ. ನಾನು ಅಭಿಮಾನಿ," ಅಂದೆ.

"ಇದ್ರಿ. ಈಗ ಆಟಗಾರರು. ನೀವೇ ಬರೆದುಕೊಟ್ಟಿದ್ದೀರಲ್ಲ," ಅಂತ ಕಡತ ತೆಗೆದರು. ನನ್ನ ಹತ್ತೊಂಬತ್ತು ವರ್ಷದ ಪತ್ರಗಳನ್ನು ಅಚ್ಚುಕಟ್ಟಾಗಿ ಹೊಲಿಸಿ ಇಟ್ಟಿದ್ದರು. ನನ್ನ ಹೆಂಡತಿ ಕೂಡ ಅವಕ್ಕೆ ಇಷ್ಟು ಮರ್ಯಾದೆ ಕೊಟ್ಟವಳಲ್ಲ.

"ನನ್ನನ್ನೇ ಯಾಕೆ ಸಾರ್?"

"ನಿಮ್ಮ ಪತ್ರದಲ್ಲೇ ಮಾನದಂಡ ಇದೆ. ವಯಸ್ಸು ನಲವತ್ತೈದು ದಾಟಿರಬಾರದು. ಕೊನೆಯ ಹದಿನೈದು ನಿಮಿಷದಲ್ಲಿ ದಮ್ಮು ಕಟ್ಟಬಾರದು. ತಂಡದಲ್ಲಿ ಒಡಕು ತರೋ ಹಾಗೆ ಗೊಣಗಬಾರದು. ಮೂರರಲ್ಲೂ ನೀವು ಫೇಲಾಗಿದ್ದೀರಿ. ಕ್ರೇನಿನವರಿಗೆ ನಲವತ್ತೊಂದು. ಅರ್ಧ ಮೈಲಿ ದೂರದಿಂದ ಕೂಗಿ ಮಾತಾಡೋ ಅಭ್ಯಾಸ ಇದೆ."

"ಆ ರೋಲರ್ ಯಾಕೆ ಜೊತೆಗೆ?"

ಅವರು ಸ್ವಲ್ಪ ಮುಜುಗರಪಟ್ಟರು. "ನಿಮ್ಮೊಬ್ಬರನ್ನೇ ಅಂದ್ರೆ ಅವರು ಒಪ್ಪಲಿಲ್ಲ. ಅವರಿಗೆ ಗಾಡಿ ನಿಲ್ಲಿಸೋ ಜಾಗ ಸಮ ಮಾಡೋದಿತ್ತಂತೆ."

ರೋಲರ್ ನನಗೆ ಕೊಸರೋ, ನಾನೇ ರೋಲರಿಗೆ ಕೊಸರೋ ಎಂದು ಕೇಳುವ ಧೈರ್ಯವಾಗಲಿಲ್ಲ. ಬದಲಿಗೆ ನಿಜ ಹೇಳಿದೆ. "ಸಾರ್, ನನ್ನ ಮಗಳು ಪಕ್ಕದ ಸೀಟಲ್ಲಿ ಕೂರ್ತಾಳೆ. ಅವಳು ನನ್ನ ಜೊತೆ ಮಾತಾಡೋದು ಅಲ್ಲಿ ಮಾತ್ರ. ದಯವಿಟ್ಟು."

ಅವರು ಕನ್ನಡಕ ಏರಿಸಿ ಕಡತದಲ್ಲಿ ಒಂದು ಹಾಳೆ ಹುಡುಕಿದರು. "ಎಡಗಡೆಯ ರಕ್ಷಕನಿಗೆ ನಾಲ್ಕು ತಿಂಗಳ ಕೂಸಿತ್ತು. ಈ ಊರು ಬಿಡಲ್ಲ ಅಂತ ಇದೇ ಕುರ್ಚೀಲಿ ಕೂತು ಅತ್ತ. ಆಗ ನಿಮ್ಮ ಸಂಘದ ಅಭಿಪ್ರಾಯ ಕೇಳಿದ್ದೆ. ನೀವು ಬರೆದಿದ್ದು ಓದ್ತೀನಿ: 'ಕೌಟುಂಬಿಕ ಕಾರಣಗಳಿಗೆ ಕಿವಿಗೊಡುತ್ತ ಕೂತರೆ ಯಾವ ತಂಡವೂ ಉದ್ಧಾರವಾಗದು.'"

ವಾಕ್ಯ ಚೆನ್ನಾಗಿತ್ತು. ಆ ರಕ್ಷಕನ ಮುಂದಿನ ಎರಡು ಹಲ್ಲು ಮಾಡಿಕೊಟ್ಟವನೂ ನಾನೇ. ಬಣ್ಣ ಹೊಂದಿಸಲು ಬಂದಿದ್ದಾಗ ಮಗುವಿನ ಫೋಟೋ ತೋರಿಸಿದ್ದ, ಮುದ್ದಾಗಿದೆ ಅಂದಿದ್ದೆ. ನನಗೆ ಆ ಕೋಣೆಯಲ್ಲಿ ಬಹಳ ನಾಚಿಕೆಯಾಯಿತು. ಆದರೆ ನಾಚಿಕೆಯಾದವರಿಗೆ ವಿನಿಮಯದಿಂದ ವಿನಾಯಿತಿ ಕೊಡುವ ನಿಯಮ ಇರಲಿಲ್ಲ, ನಾನೂ ಅಂಥದ್ದನ್ನು ಯಾವ ಪತ್ರದಲ್ಲೂ ಕೇಳಿರಲಿಲ್ಲ.

ಅಲ್ಲಿಂದ ಭಾವನ ಅಂಗಡಿಗೆ ಹೋದೆ. ಅವರು ಒಬ್ಬರ ಕಿವಿಯ ಹಿಂದೆ ಕತ್ತರಿ ಆಡಿಸುತ್ತಿದ್ದರು.

"ನೀವೂ ಒಪ್ಪಿಗೆ ಕೊಟ್ರಾ ಭಾವ?"

"ಕೊಡದೆ ಏನು ಮಾಡ್ಲಯ್ಯ. ತಂಡ ದೊಡ್ಡದಾ, ಬಾಮೈದ ದೊಡ್ಡವನಾ?" ಕತ್ತರಿ ನಿಲ್ಲಲಿಲ್ಲ. "ನಿನ್ನ ಗಂಟಲು ಈ ವರ್ಷ ಮೊದಲಿನ ಹಾಗಿಲ್ಲ. ಅದು ಎಲ್ಲರಿಗೂ ಗೊತ್ತು. ಹೇಳೋಕೆ ದಾಕ್ಷಿಣ್ಯ, ಅಷ್ಟೆ."

"ಅಕ್ಕ ಏನಂದ್ಲು?"

"ಅವಳೇ ಮೊದಲು ಹೇಳಿದ್ದು, ನಮ್ಮವನನ್ನ ಕೊಟ್ರೂ ಪರವಾಗಿಲ್ಲ, ರೋಲರ್ ಇಟ್ಕೊಳ್ಳಿ ಅಂತ."

ಕುರ್ಚಿಯಲ್ಲಿ ಕೂತ ಅಪರಿಚಿತ ಗಿರಾಕಿ ಕನ್ನಡಿಯಲ್ಲೇ ನನ್ನನ್ನು ನೋಡಿ ತಲೆಯಾಡಿಸಿದ. ಅದೂ ಒಂದು ಮತವೆಂದು ಭಾವ ಪರಿಗಣಿಸಿದರು.

ಮನೆಯಲ್ಲಿ ವಿಷಯ ತಿಳಿಸಿದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು. "ಅಂದ್ರೆ ಇನ್ಮೇಲೆ ಭಾನುವಾರ ಮನೇಲಿರ್ತೀರಾ?"

"ಇಲ್ಲ. ಹೊಳೆಯಾಚೆ ಹೋಗಬೇಕು. ಹಾಜರಿ ಕಡ್ಡಾಯ."

"ಮತ್ತೆ ನನಗೇನು ಬದಲಾಯ್ತು," ಅಂತ ಇನ್ನೊಂದು ಅಂಗಿ ಎತ್ತಿಕೊಂಡಳು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅಳುತ್ತಾಳೇನೋ ಅಂದುಕೊಂಡೆ, ನಿಜ ಹೇಳಬೇಕೆಂದರೆ ಅತ್ತರೆ ಸಾಕಪ್ಪ ಅಂದುಕೊಂಡೆ. "ನನ್ನ ಪಕ್ಕ ಯಾರು ಕೂರ್ತಾರೆ?" ಅಂದಳು.

"ಒಬ್ಬರು ಕ್ರೇನ್ ಡ್ರೈವರ್ ಬರ್ತಾರೆ."

"ಹೂಂ," ಅಂದು ಒಳಗೆ ಹೋದಳು.

ಶನಿವಾರ ವೈದ್ಯಕೀಯ ತಪಾಸಣೆಯಾಯಿತು. ಹೊಳೆಯಾಚೆಯ ತಂಡದ ಗಂಟಲು ವೈದ್ಯರು ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ತೊಂಬತ್ತು ಸೆಕೆಂಡು ಒಂದೇ ಸಮನೆ ಕೂಗಲು ಹೇಳಿದರು. ನಲವತ್ತನೇ ಸೆಕೆಂಡಿಗೆ ನನಗೆ ಕೆಮ್ಮು ಬಂತು. ಅವರು ಹಾಳೆಯ ಮೇಲೆ "ಬಳಸಿದ್ದು, ಆದರೆ ನಡೆಯುತ್ತದೆ" ಎಂದು ಬರೆದರು. ಮರುದಿನ ಪತ್ರಿಕಾ ಪ್ರಕಟಣೆ ಹೊರಬಿತ್ತು: "ಉಭಯ ತಂಡಗಳಿಗೂ ಲಾಭದಾಯಕವಾದ ವಿನಿಮಯ. ರೋಲರ್ ಸುಸ್ಥಿತಿಯಲ್ಲಿದೆ." ನನ್ನ ಸ್ಥಿತಿಯ ಬಗ್ಗೆ ಪ್ರಕಟಣೆ ಮೌನವಾಗಿತ್ತು.

ಹೊಳೆಯಾಚೆಯವರು ಕೆಟ್ಟ ಜನ ಅಲ್ಲ. ನೀಲಿ ಮಫ್ಲರ್ ಕೊಟ್ಟರು. ಮೂರನೇ ಸಾಲಿನಲ್ಲಿ, ಕಂಬದ ಹಿಂದೆ, ಹೊಸಬರಿಗೆಂದೇ ಮೀಸಲಾದ ಆಸನ ಕೊಟ್ಟರು. ಅಲ್ಲಿ ಎಲ್ಲಕ್ಕೂ ಕ್ರಮವಿತ್ತು. ಮೊದಲ ಕಾಲು ಭಾಗದಲ್ಲಿ ಅಂಪೈರನ್ನು ಬೈಯುವಂತಿಲ್ಲ. ಎರಡನೇ ಭಾಗದಲ್ಲಿ ಅಂಪೈರನ್ನು ಬೈಯಬಹುದು, ಅವರ ತಾಯಿಯ ಸುದ್ದಿಗೆ ಹೋಗುವಂತಿಲ್ಲ. ಸ್ವಂತ ಆಟಗಾರನನ್ನು ಬೈಯಬೇಕಾದರೆ ಸಾಲಿನ ಮುಖ್ಯಸ್ಥರ ಅನುಮತಿ ಬೇಕು. ಹತ್ತೊಂಬತ್ತು ವರ್ಷ ಸ್ವಂತ ಆಟಗಾರರನ್ನು ಬಿಟ್ಟು ಬೇರೆ ಯಾರನ್ನೂ ಬೈದು ಅಭ್ಯಾಸವಿಲ್ಲದ ನನಗೆ ಇದು ಉಸಿರು ಕಟ್ಟಿಸಿತು. ಅಲ್ಲದೆ ಅವರು ಗೆಲ್ಲುತ್ತಿದ್ದರು. ಗೆಲ್ಲುವ ತಂಡಕ್ಕೆ ಏನು ಪತ್ರ ಬರೆಯುವುದು?

ಮೊದಲೆರಡು ವಾರ ನಾನು ತುಟಿ ಮಾತ್ರ ಆಡಿಸಿದೆ. ಮನಸ್ಸು ಕೆಂಪಾಗಿಯೇ ಇತ್ತು. ಮೂರನೇ ವಾರ ಎಚ್ಚರಿಕೆ ಪತ್ರ ಬಂತು: "ತಮ್ಮಿಂದ ಧ್ವನಿ ಬರುತ್ತಿಲ್ಲವೆಂದು ಪಕ್ಕದ ಆಸನದವರು ದೂರಿದ್ದಾರೆ."

ಇತ್ತ ನನ್ನ ಹಳೆಯ ತಂಡ ನಾನು ಬಿಟ್ಟ ವಾರವೇ ಗೆದ್ದಿತು. ಅದರ ಮುಂದಿನ ವಾರವೂ ಗೆದ್ದಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೊಂಕು ನೆಲ ನಾನೇ ಆಗಿದ್ದೆನೋ ಏನೋ, ನನ್ನನ್ನು ತೆಗೆದದ್ದೇ ತಡ ಎಲ್ಲರೂ ಕುಣಿಯತೊಡಗಿದರು. ಸಂಘದ ಸಭೆಯಲ್ಲಿ ಈ ಗೆಲುವಿಗೆ ನನ್ನ ಗೈರುಹಾಜರಿಯೇ ಕಾರಣವೆಂದು ಅಭಿನಂದನಾ ನಿರ್ಣಯ ಮಂಡಿಸಿ, ಅದರ ಪ್ರತಿಯನ್ನು ಗೌರವಪೂರ್ವಕವಾಗಿ ನನಗೂ ಕಳಿಸಿದರು.

ಇದೆಲ್ಲ ಸಹಿಸಬಹುದಿತ್ತು. ಒಂದು ದಿನ ಕೂದಲು ಕತ್ತರಿಸಿಕೊಳ್ಳಲು ಹೋದಾಗ ಭಾವ ಸಹಜವಾಗಿ ಅಂದರು, "ನಿನ್ನ ಮಗಳು ಆ ಕ್ರೇನಿನವರ ಜೊತೆ ಎಷ್ಟು ಮಾತಾಡ್ತಾಳಯ್ಯ. ಬಾಯಿಗೆ ಬಿಡುವೇ ಇಲ್ಲ. ಅವರೂ ಒಳ್ಳೆಯವರು, ಸುಮ್ನೆ ಕೇಳಿಸ್ಕೋತಾರೆ. ನಿನ್ನ ಹಾಗೆ ಮಧ್ಯೆ ಬುದ್ಧಿ ಹೇಳಲ್ಲ."

ನನಗೆ ಹೊಟ್ಟೆ ಉರಿದುಹೋಯಿತು. ಇನ್ನೊಬ್ಬರ ಮೇಲೆ ಇಷ್ಟು ಹೊಟ್ಟೆಕಿಚ್ಚು ನಾನು ಯಾವತ್ತೂ ಪಟ್ಟವನಲ್ಲ. ಗಣಿತದ ಮೇಷ್ಟರ ವಿಷಯ ಈಗ ಯಾವ ಹಂತದಲ್ಲಿದೆಯೆಂದು ಆ ಕ್ರೇನಿನವನಿಗೆ ಗೊತ್ತು, ನನಗೆ ಗೊತ್ತಿಲ್ಲ. ಸಂಜೆ ಮಗಳ ಕೋಣೆಗೆ ಹೋಗಿ, "ಸ್ಕೂಲು ಹೇಗಿದೆ ಮಗಾ?" ಅಂತ ಕೇಳಿದೆ. "ಹೂಂ," ಅಂದಳು. "ಗಣಿತ?" ಅಂದೆ. "ಆಮೇಲೆ," ಅಂದಳು.

ಋತುವಿನ ಕೊನೆಯ ಭಾನುವಾರ ಎರಡೂ ತಂಡಗಳಿಗೆ ನಮ್ಮ ಮೈದಾನದಲ್ಲಿ ಪಂದ್ಯ. ಈ ನಮ್ಮ ಎಂಬ ಪದದ ಬಗ್ಗೆ ಆಗ ನನಗೆ ಸ್ಪಷ್ಟತೆ ಇರಲಿಲ್ಲ. ಹಳೇ ಗೇಟಿನಲ್ಲಿ ಚೀಟಿ ತೋರಿಸಿದರೆ ಕಾವಲಿನವನು ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲವನಾದರೂ, "ನೀಲಿಯವರು ಹಿಂದುಗಡೆಯಿಂದ ಬನ್ನಿ" ಅಂದ. ಪಶ್ಚಿಮ ಗ್ಯಾಲರಿಯಲ್ಲಿ ಕೂತೆ, ಇಲ್ಲೂ ಹೊಸಬರಿಗೆ ಕಂಬದ ಹಿಂದೆಯೇ ಜಾಗ. ಕಂಬದ ಪಕ್ಕದಿಂದ ಇಣುಕಿದರೆ ಮೈದಾನದಾಚೆ ಹದಿನಾಲ್ಕನೇ ಸಾಲು ಕಾಣುತ್ತಿತ್ತು. ಕೆಂಪು ಮಫ್ಲರಿನ ಮಗಳು, ಪಕ್ಕದಲ್ಲಿ ದಪ್ಪ ಭುಜದ ಒಬ್ಬರು. ಅವಳು ಕೈ ಆಡಿಸಿ ಏನೋ ಹೇಳುತ್ತಿದ್ದಳು. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಮೂರು ಭಾಗದ ಆಟ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಕೊನೆಯ ನಾಲ್ಕು ನಿಮಿಷವಿದ್ದಾಗ ನೀಲಿಯವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಚೆಂಡು ಹೊರಗಿಂದ ಬಂತು, ನಿಂತಿತು, ಒಂದೇ ಹೊಡೆತ, ಗೋಲಿನೊಳಗಿನ ಹಲಗೆ ಠಪ್ಪೆಂದಿತು. ಯಾರೋ ಗಂಟಲು ಹರಿಯುವ ಹಾಗೆ ಕಿರುಚಿದರು. ಪಕ್ಕದವರು ನನ್ನನ್ನು ಅಪ್ಪಿಕೊಂಡಾಗಲೇ ಗೊತ್ತಾದದ್ದು, ಕಿರುಚಿದವನು ನಾನು. ಕಂಬಕ್ಕೆ ಹಣೆ ತಗುಲುವಷ್ಟು ಎಗರಿದ್ದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಆಚೆ ನೋಡಿದೆ. ಮಗಳು ಎದ್ದು ನಿಂತು ನನ್ನನ್ನೇ ನೋಡುತ್ತಿದ್ದಳು.

ಇನ್ನು ಮುಗಿಯಿತು ಅಂದುಕೊಂಡೆ. ಹೂಂ ಉಹೂಂಗಳೂ ಕೈಬಿಟ್ಟವು. ಪಂದ್ಯ ಮುಗಿದ ಮೇಲೆ ಬಸ್ಸು ನಿಲ್ದಾಣದಲ್ಲಿ ಮಫ್ಲರನ್ನು ಅಂಗಿಯೊಳಗೆ ತುರುಕಿಕೊಂಡು ನಿಂತಿದ್ದೆ. ಅವಳು ಬಂದಳು. ಮುಖ ಕೆಂಪಾಗಿತ್ತು. ಬಸ್ಸು ಹತ್ತಿ, ನನ್ನ ಪಕ್ಕದಲ್ಲೇ ಧೊಪ್ಪೆಂದು ಕೂತಳು.

"ಅದು ಗೋಲೇ ಅಲ್ಲ," ಅಂದಳು.

"ಯಾಕಲ್ಲ?"

"ಗೆರೆ ದಾಟುವಾಗ ಮೊದಲ ಹೊಡೆತ ಹಲಗೆಗಿಂತ ಮೇಲಿರಬಾರದು. ಮೇಲಿಂದಲೇ ಗೆರೆ ದಾಟಿ ಆಮೇಲೆ ಕೆಳಗಿಳೀತು. ನೀನು ಕಂಬದ ಹಿಂದೆ ಕೂತು ಏನು ನೋಡಿದೆ?"

"ಹಲಗೆಗೇ ಬಡೀತು. ಶಬ್ದ ಕೇಳಿದೆ."

"ಶಬ್ದ ಕೇಳಿ ಗೋಲ್ ಕೊಡ್ತಾರಾ ನಿಮ್ಮಲ್ಲಿ? ನಿಮ್ಮೋರಿಗೆ ನಾಚಿಕೆ ಇಲ್ವಾ?"

ನಮ್ಮೋರನ್ನು ಸಮರ್ಥಿಸಿಕೊಳ್ಳದೆ ವಿಧಿಯಿರಲಿಲ್ಲ. ನಾನೊಂದು ಹೇಳಿದೆ, ಅವಳು ನಾಲ್ಕು ಹೇಳಿದಳು. ಪೇಟೆ ಬೀದಿ ದಾಟುವ ಹೊತ್ತಿಗೆ ಮಾತು ಅಂಪೈರಿನಿಂದ ಗಣಿತದ ಮೇಷ್ಟರಿಗೆ ಬಂದಿತ್ತು. ಅವರೂ ಹೀಗೇ, ಕಾಣದೆ ತೀರ್ಪು ಕೊಡ್ತಾರಂತೆ. ನಾನು ಬುದ್ಧಿ ಹೇಳಲಿಲ್ಲ. ಎದುರಾಳಿ ತಂಡದವನ ಬುದ್ಧಿಮಾತು ಯಾರು ಕೇಳುತ್ತಾರೆ? ನಲವತ್ತು ನಿಮಿಷದ ದಾರಿ ಮುಗಿದು, ಇಳಿದು, ಮನೆ ಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ಊಟಕ್ಕೆ ಕೂತರೂ ಜಗಳ ನಡೆಯುತ್ತಲೇ ಇತ್ತು. ಹೆಂಡತಿ ತಟ್ಟೆ ಇಡುತ್ತ, "ಇವರಿಬ್ಬರಿಗೆ ಏನಾಯ್ತು ಇವತ್ತು," ಅಂದಳು. ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಅವಳು ಬಂದು ಹೊಸ ಸಾಕ್ಷ್ಯ ಮಂಡಿಸಿದಳು. ಬುಧವಾರದವರೆಗೂ ಆ ಗೋಲು ಇತ್ಯರ್ಥವಾಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಅಷ್ಟು ಖುಷಿಯಾಗಿದ್ದ ವಾರ ಇನ್ನೊಂದಿಲ್ಲ.

ಶುಕ್ರವಾರ ಕಚೇರಿಯಿಂದ ಮತ್ತೆ ಲಕೋಟೆ ಬಂತು. ಕ್ರೇನ್ ಚಾಲಕರಿಗೆ ಬಂದರಿನಲ್ಲಿ ಕೆಲಸ ಸಿಕ್ಕಿ ಊರು ಬಿಡುತ್ತಿದ್ದಾರೆ, ನನ್ನನ್ನು ಮೂಲ ತಂಡಕ್ಕೆ ವಾಪಸ್ ಕರೆಸಿಕೊಳ್ಳಲು ಎರಡೂ ಕಡೆಯ ಆಡಳಿತಗಳು ಒಪ್ಪಿವೆ, ರೋಲರನ್ನು ಮಾತ್ರ ಹಿಂದಿರುಗಿಸಲಾಗುವುದಿಲ್ಲ. ಕೆಳಗೊಂದು ಷರತ್ತು: ಪಕ್ಕದ ಆಸನದ ಕಿರಿಯ ಆಟಗಾರರ ಅಭಿಪ್ರಾಯ ಲಗತ್ತಿಸತಕ್ಕದ್ದು.

ಹಾಳೆಯನ್ನು ಮಗಳ ಮೇಜಿನ ಮೇಲಿಟ್ಟೆ. ಅವಳು ಓದಿದಳು, ಪೆನ್ನಿನ ತುದಿ ಕಚ್ಚಿದಳು, ಬರೆದಳು, ನನ್ನ ಕೈಗೆ ಕೊಟ್ಟಳು:

"ಸದರಿ ಆಟಗಾರರು ಪಕ್ಕದಲ್ಲಿ ಕೂತಾಗ ಭಾನುವಾರ ಮಾತ್ರ ಸಿಗುತ್ತಿದ್ದರು. ಎದುರಿಗೆ ಕೂತ ಮೇಲೆ ವಾರವಿಡೀ ಸಿಗುತ್ತಿದ್ದಾರೆ. ಆದ್ದರಿಂದ ಇವರನ್ನು ವಾಪಸ್ ತರುವ ಅಗತ್ಯವಿಲ್ಲ."

ಭಾಷೆಯಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ನಾನು ಕಣ್ಣೊರೆಸಿಕೊಂಡು, ಕೆಳಗೆ "ಒಪ್ಪಿದೆ" ಎಂದು ಬರೆದು, ಹೊಳೆಯಾಚೆಯ ತಂಡದ ಪರವಾಗಿ ಸಹಿ ಹಾಕಿದೆ.